ಹೌದು, ನಾನು ಕಕ್ಕಸಿನ ಚಪ್ಪಲಿ

ನಾನು ಒಂದು ಜೊತೆ ಚಪ್ಪಲಿ. ಅದೂ ಕಕ್ಕಸಿನ ಚಪ್ಪಲಿ. ಮೂಗು ಮುರಿಯುವವರು ಈಗಲೇ ಮುರಿದುಬಿಡಿ, ನನಗೇನೂ ನಾಚಿಕೆಯಿಲ್ಲ. ಜಪಾನಿನ ನಗೋಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ನೀಲಿ ಪ್ಲಾಸ್ಟಿಕ್ಕು ಕರಗಿಸಿ ನನ್ನನ್ನು ಅಚ್ಚು ಹಾಕಿದರು. ನನ್ನ ಜೊತೆ ಹುಟ್ಟಿದವರು ಊರೂರು ಸುತ್ತಲು ಹೋದರು. ನನಗೆ ಸಿಕ್ಕಿದ್ದು ನಾಲ್ಕಡಿ ನೆಲ.

ನನ್ನನ್ನು ಕೊಂಡವಳು ಹಯಾಶಿ ಎಂಬ ಅಜ್ಜಿ. ಅಲ್ಲಿನ ಮನೆಗಳಲ್ಲಿ ಬೀದಿಯ ಬೂಟು ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಓಡಾಡಲು ಬೇರೆ ಚಪ್ಪಲಿ. ಹುಲ್ಲಿನ ಚಾಪೆ ಹಾಸಿದ ಕೋಣೆಗೆ ಅದೂ ಇಲ್ಲ, ಬರಿಗಾಲೇ. ಕಕ್ಕಸಿಗೆ ಮಾತ್ರ ನಾನು. ಹೊರಬರುವವರು ನನ್ನನ್ನು ಅಲ್ಲೇ ಕಳಚಿ, ಮುಂದೆ ಬರುವವರಿಗೆ ಅನುಕೂಲವಾಗಲೆಂದು ನನ್ನ ಮೂತಿಯನ್ನು ಒಳಕ್ಕೆ ತಿರುಗಿಸಿಡಬೇಕು. ಎಂಬತ್ತು ದಾಟಿದರೂ ಅಜ್ಜಿ ಒಂದು ದಿನವೂ ಇದನ್ನು ತಪ್ಪಿಸಲಿಲ್ಲ.

ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದ ಕುಮುದಿನಿ ಊರಿಗೆ ಮರಳುವಾಗ ಅಜ್ಜಿಯನ್ನು ಕೇಳಿ ನನ್ನನ್ನೂ ಪೆಟ್ಟಿಗೆಗೆ ತುಂಬಿಕೊಂಡರು. ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಜಪಾನಿ ಭಾಷೆ ಕಲಿಸತೊಡಗಿದರು. ಮಾತಿನ ಜೊತೆ ರೀತಿನೀತಿಯೂ ಬರಲೆಂದು ಒಂದು ಚಾಪೆಯ ಕೋಣೆ ಮಾಡಿದರು, ನನ್ನನ್ನು ಕಕ್ಕಸಿನಲ್ಲಿಟ್ಟರು. ಕಲಿಯಲು ಬಂದವರೆಲ್ಲ ನನ್ನನ್ನು ಕಾಲಿನಿಂದಲೇ ತಳ್ಳಿ ತಿರುಗಿಸುತ್ತಿದ್ದರು. ಕೈಯಿಂದ ಮುಟ್ಟಿದವರು ಒಬ್ಬರೂ ಇಲ್ಲ. ಮುಟ್ಟದಿದ್ದರೆ ಬಿಡಲಿ, ನಾನಿಲ್ಲದೆ ಒಳಗೆ ಕಾಲಿಡಲಿ ನೋಡೋಣ ಎಂದುಕೊಂಡು ಬಿದ್ದಿರುತ್ತಿದ್ದೆ.

ಮಹಾದೇವಿ ಹೂಗಾರ ಎಂಬವಳು ದವಾಖಾನೆಯೊಂದರ ನರ್ಸು. ಪಾಳಿ ಮುಗಿಸಿ ಬಂದು ಎರಡು ವರ್ಷ ಜಪಾನಿ ಕಲಿತಳು. ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಹಿಡಿಯುವುದು ಅವಳ ಆಸೆ. ಆಶ್ರಮದ ಮೇಲ್ವಿಚಾರಕಿ ಒಕಾದಾ ಸಂದರ್ಶನಕ್ಕೆಂದು ಈ ಮನೆಗೇ ಬಂದರು. ಮಹಾದೇವಿಯ ವಯಸ್ಸಿಗೆ ಇದೇ ಕೊನೆಯ ಅವಕಾಶ. ಗಾಬರಿಯಲ್ಲಿ ಮೂರು ಸಲ ಕಕ್ಕಸಿಗೆ ಬಂದಳು. ಮೂರನೆಯ ಸಲ ಹೆಸರು ಕರೆದದ್ದೇ ತಡ, ನನ್ನನ್ನು ಕಳಚುವುದನ್ನೂ ಮರೆತು ನೇರವಾಗಿ ಚಾಪೆಯ ಮೇಲೆ ನಡೆದುಬಿಟ್ಟಳು.

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಜನ್ಮದಲ್ಲಿ ಮೊದಲ ಸಲ ಅತಿಥಿಯ ಎದುರು ನಿಂತಿದ್ದೆ. ಆದರೆ ಅವಳು ಕೆಳಗೆ ನೋಡಿ, ನನ್ನನ್ನು ಕಂಡು, ಕಾಲನ್ನು ಸರಕ್ಕನೆ ಹೊರಗೆಳೆದುಕೊಂಡಳು. ನನ್ನ ಖುಷಿ ಅಲ್ಲಿಗೇ ಇಳಿಯಿತು.

ಕುಮುದಿನಿ ಟೀಚರ ಮುಖ ಬಿಳಿಚಿಕೊಂಡಿತು. ನಮ್ಮ ಕಡೆ ಮನೆಯೊಳಗೆ ಚಪ್ಪಲಿ ಹಾಕುವ ರೂಢಿಯೇ ಇಲ್ಲವೆಂದು ಒಕಾದಾ ಅವರಿಗೆ ಸಮಜಾಯಿಷಿ ಕೊಡುತ್ತಲೇ, ನನ್ನನ್ನು ಮೂಲೆಗೆ ಒದೆಯುವಂತೆ ಮಹಾದೇವಿಗೆ ಕಣ್ಸನ್ನೆ ಮಾಡಿದರು. ಅವಳು ಒದೆಯಲಿಲ್ಲ. ಬಗ್ಗಿ ಎರಡೂ ಕೈಯಿಂದ ನನ್ನನ್ನು ಎತ್ತಿಕೊಂಡು ಹೋಗಿ, ಮೂತಿ ಒಳಕ್ಕೆ ತಿರುಗಿಸಿ ಇಟ್ಟಳು. ಕೈ ತೊಳೆದು, ಬಟ್ಟೆ ಹಿಂಡಿಕೊಂಡು, ಮೊಣಕಾಲೂರಿ ಚಾಪೆಯನ್ನು ಹೆಜ್ಜೆ ಹೆಜ್ಜೆಗೂ ಒರೆಸಿದಳು. ಆಮೇಲೆ ಕೂತು ತಲೆಬಾಗಿದಳು.

ಆ ಕಣ್ಸನ್ನೆ ಒಕಾದಾ ಕಣ್ಣಿಗೂ ಬಿದ್ದಿತ್ತು; ಟೀಚರು ಹೇಳಿದಂತೆ ಯಾಕೆ ಮಾಡಲಿಲ್ಲ ಎಂದು ಕೇಳಿದರು. ಕಲಿತ ಜಪಾನಿಯೆಲ್ಲ ಕೈಕೊಟ್ಟಿತು. ಅವಳು ಕನ್ನಡದಲ್ಲೇ ಹೇಳಿದಳು, ಟೀಚರು ಅನುವಾದಿಸಿದರು.

“ತಪ್ಪು ನಂದೈತ್ರೀ, ನಾನ ಒರಸಬೇಕು. ಆರು ವರ್ಷ ಮಂದೀ ಹೊಲಸು ಬಳದೇನಿ. ಈ ಚಪ್ಪಲಿ ಮುಟ್ಟಾಕ ನಾಚಿದ್ರ ನಿಮ್ಮ ಮುದುಕರನ್ನ ಹೆಂಗ ಮುಟ್ಟಲಿ?”

ಒಕಾದಾ ಮುಂದಿದ್ದ ಪ್ರಶ್ನೆಗಳ ಹಾಳೆಯನ್ನು ಮಡಚಿಟ್ಟರು. ಬಳಿಕ, ಯಾವಾಗ ಹೊರಡುತ್ತೀರಿ ಎಂದು ಕೇಳಿದರು.

ಈಗ ನನ್ನ ಅಟ್ಟೆ ಸೀಳಿದೆ. ನನ್ನ ಜಾಗಕ್ಕೆ ಹೊಸ ಜೋಡಿ ಬಂದಿದೆ, ನಾನು ಬಕೆಟ್ಟಿನ ಹಿಂದೆ ಬಿದ್ದಿದ್ದೇನೆ. ಟೀಚರು ಹೊಸಬರಿಗೆ ಆ ದಿನದ ಕತೆ ಹೇಳುವಾಗ ಎಲ್ಲರೂ ನಗುತ್ತಾರೆ. ನಗಲಿ. ಆ ಆಶ್ರಮದಲ್ಲಿ ಯಾರಿಗೂ ಕಾಲು ಮುಟ್ಟಗೊಡದ ಒಬ್ಬ ಹಟಮಾರಿ ಅಜ್ಜಿ ಮಹಾದೇವಿಗೆ ಮಾತ್ರ ಕಾಲು ಚಾಚುತ್ತಾಳಂತೆ. ಚಾಚದೆ ಏನು? ಆ ಕೈ ನನ್ನನ್ನು ಎತ್ತಿದ ಕೈ.