ಒದ್ದೆ ಹಲಗೆ

ಇಪ್ಪತ್ತೆರಡು ವರ್ಷಗಳಿಂದ ರಾಮನಗರದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಶಾಲಿನಿ ಮೇಡಂ ಬಂದರೆ ಕೆಂಪು ಪೆನ್ನು ಬಂತು ಎಂದು ಮಕ್ಕಳು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆ ಮಾತಿಗೆ ಒಳಗೊಳಗೇ ಬೀಗುತ್ತಿದ್ದೆ ಕೂಡ.

ಏಳನೇ ತರಗತಿಯ ಕಿರುಪರೀಕ್ಷೆ. ತಾಮ್ರ, ಕಬ್ಬಿಣ, ರಬ್ಬರ್, ಮರ. ಇವುಗಳಲ್ಲಿ ವಿದ್ಯುತ್ ವಾಹಕ ಯಾವುದು, ಅವಾಹಕ ಯಾವುದು ಎಂದು ಕೇಳಿದ್ದೆ. ನೆಟ್ಟಗೆ ನಾಲ್ಕು ಪದ ಬರೆದರೆ ಮುಗಿಯಿತು. ಜಾರಾ ಎಂಬ ಹುಡುಗಿ ಮರದ ಎದುರು ಎರಡು ಸಾಲು ಬರೆದಿದ್ದಳು: "ಒಣಗಿದ್ದರೆ ಅವಾಹಕ. ನೆಂದರೆ ಕರೆಂಟ್ ಹರಿಯುತ್ತದೆ."

ಅದು ನಿಜ. ನೀರಿನ ಜೊತೆ ಅದರಲ್ಲಿ ಕರಗಿದ ಲವಣವೂ ಮರದೊಳಕ್ಕೆ ಇಳಿದರೆ ವಿದ್ಯುತ್ತಿಗೆ ದಾರಿ ಸಿಕ್ಕೇ ಸಿಗುತ್ತದೆ. ಬಿ.ಎಸ್ಸಿ. ಓದಿದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಕೀ ಉತ್ತರದಲ್ಲಿ ಇದ್ದದ್ದು ಒಂದೇ ಪದ. ಹನ್ನೆರಡು ವರ್ಷದವಳ ಅಧಿಕಪ್ರಸಂಗ ಕಂಡು ಮೈ ಉರಿಯಿತು. ಕಾಗದ ಕಿತ್ತುಬರುವಂತೆ ತಪ್ಪು ಗೀಚಿದೆ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು.

ಜಾರಾ ಮೇಜಿನ ಬಳಿ ಬಂದು ನಿಂತಳು. "ಮಿಸ್, ನಾನ್ ಬರ್ದಿರೋದು ನಿಜ. ಅಮ್ಮಿ ಶುಕೂರ್ ಸಾಬ್ರ ಫಿಲೇಚರಲ್ಲಿ ಗೂಡು ಬೇಯ್ಸಿ ರೇಷ್ಮೆ ತೆಗೀತಾರೆ. ಮಿಷಿನ್ನು ಒಸಿ ಶಾಕ್ ಹೊಡೀತೈತೆ ಅಂತ ಕಾಲಡಿಗೆ ಹಲಗೆ ಹಾಕವ್ರೆ. ನೀರು ಚೆಲ್ಲಿ ಹಲಗೆ ನೆಂದ್ರೆ ಆಗ್ಲೂ ಜುಂ ಅಂತೈತೆ. ನೀವಾರಾ ಸಾಬ್ರಿಗೆ ಒಂದ್ ಮಾತು ಹೇಳಿ ಮಿಸ್."

"ಫಿಲೇಚರ್ ಪುರಾಣ ಬೇಡ. ಪುಸ್ತಕದಲ್ಲಿ ಏನಿದೆಯೋ ಅದನ್ನ ಬರಿ. ಹೋಗು, ಅಮ್ಮನ ಸಹಿ ಹಾಕಿಸಿಕೊಂಡು ಬಾ," ಎಂದೆ.

ಎರಡು ದಿನಕ್ಕೆ ಉತ್ತರಪತ್ರಿಕೆ ವಾಪಸು ಬಂತು. ಮೂಲೆಯಲ್ಲಿ ಉರ್ದುವಿನಲ್ಲಿ ತಾಯಿ ಕೆಹಕಶಾನಳ ಸಹಿ, ಪಕ್ಕದಲ್ಲಿ ಒದ್ದೆ ಬೆರಳಿನ ಹಳದಿ ಕಲೆ. ಬೆಂದ ಗೂಡಿನ ವಾಸನೆಗೆ ಮೂಗು ಮುಚ್ಚಿಕೊಂಡು ಅದನ್ನು ಉಳಿದ ಪತ್ರಿಕೆಗಳ ಕಟ್ಟಿನೊಳಗೆ ಸೇರಿಸಿದೆ.

ಒಂದು ತಿಂಗಳಿಗೆ ಕೆಹಕಶಾನ್ ತೀರಿಕೊಂಡಳು. ಗೂಡು ಬೇಯುವ ತೊಟ್ಟಿ ಉಕ್ಕಿ ಹಲಗೆ ತೊಯ್ದುಹೋಗಿತ್ತಂತೆ. ಎಳೆ ಹಿಡಿಯಲು ಕೈ ಚಾಚಿದಾಗ ಯಂತ್ರದ ಕಬ್ಬಿಣ ತಾಗಿತು. ಅರ್ಥ್ ತಂತಿ ಇದ್ದಿದ್ದರೆ ಸೋರಿದ ಕರೆಂಟ್ ಅದರಲ್ಲೇ ನೆಲಕ್ಕೆ ಹೋಗುತ್ತಿತ್ತು. ತಂತಿ ಇರಲಿಲ್ಲ, ಅವಳ ಮೈಯೊಳಗಿಂದ ಹೋಯಿತು.

ಸಾವಿನ ಮನೆಯ ಮುಂದೆ ಶುಕೂರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ಕಂಡದ್ದೇ ನನಗೆ ಪಿತ್ತ ನೆತ್ತಿಗೇರಿತು. "ಒಂದು ಗುಂಡಿ ತೋಡಿ ಅರ್ಥ್ ಹಾಕಿಸೋಕೆ ಏನ್ರೀ ಧಾಡಿ ನಿಮಗೆ?" ಎಂದು ಎಲ್ಲರೆದುರೇ ದಬಾಯಿಸಿದೆ.

ಅವನು ತಲೆ ಎತ್ತಲಿಲ್ಲ. "ಒಂದಿನ ಮಿಷಿನ್ ನಿಲ್ಸಿ ಹಾಕ್ಸಾನ ಅಂತಾನೇ ಇದ್ದೆ ಮೇಡಂ. ಅಷ್ಟ್ರಲ್ಲಿ ಕೆಹಕಶಾನ್ ಪೇಪರ್ ತಂದ್ಲು. ನೋಡಿ ಭಾಯ್, ಹಲಗೆ ನೆಂದ್ರೆ ಕರೆಂಟ್ ಹರೀತೈತೆ ಅಂತ ನನ್ ಮಗಳೇ ಬರ್ದವಳೆ ಅಂದ್ಲು. ನೋಡುದ್ರೆ ನೀವು ಇಷ್ಟು ದೊಡ್ಡದಾಗಿ ತಪ್ಪು ಹಾಕ್ಬುಟ್ಟಿದ್ರಿ. ಮೇಡಮ್ಮೇ ತಪ್ಪು ಅಂದವ್ರೆ, ಹೋಗಮ್ಮ ಕೆಲ್ಸ ನೋಡು ಅಂದೆ. ಪಾಪ, ಅವಳಿಗೆ ಕನ್ನಡ ಓದಕ್ ಬರ್ತಿರ್ಲಿಲ್ಲ. ಸುಮ್ಕಾದ್ಲು."

ಆ ಮನುಷ್ಯ ಹುಡುಕುತ್ತಿದ್ದದ್ದು ಒಂದು ನೆಪವನ್ನು. ಕೆಂಪು ಶಾಯಿಯಲ್ಲಿ ಅದನ್ನು ಬರೆದುಕೊಟ್ಟವಳು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಜಾರಾಳ ಮುಖ ನೋಡದೆ ಹೊರಟು ಬಂದೆ.

ಮುಂದಿನ ಪರೀಕ್ಷೆಗೆ ಬೇಕೆಂದೇ ಅದೇ ಪ್ರಶ್ನೆ ಹಾಕಿದೆ. ಅವಳು ಮತ್ತೆ ಆ ಎರಡು ಸಾಲು ಬರೆಯಲಿ, ಸರಿ ಎಂದು ಗುರುತು ಹಾಕಿ ನನ್ನ ಪಾಪ ತೊಳೆದುಕೊಳ್ಳೋಣ ಎಂಬ ದುರಾಸೆ. ಎಂಥ ಅಗ್ಗದ ಉಪಾಯ!

ಜಾರಾ ಮರದ ಎದುರು ದುಂಡಗೆ ಒಂದೇ ಪದ ಬರೆದಿದ್ದಳು: ಅವಾಹಕ.

ಹತ್ತಿರ ಕರೆದೆ. "ನಿನಗೆ ಗೊತ್ತಿರೋದನ್ನ ಬರಿಯಮ್ಮ. ಈಗಲೂ ತಿದ್ದಬಹುದು," ಎಂದು ನನ್ನ ಪೆನ್ನನ್ನೇ ಚಾಚಿದೆ.

ಅವಳು ಪೆನ್ನು ಮುಟ್ಟಲಿಲ್ಲ. "ಪುಸ್ತಕದಲ್ಲಿ ಇರೋದೇ ಬರ್ದಿವ್ನಿ ಮಿಸ್. ಸರಿ ಅಲ್ವಾ?"

ಕೀ ಉತ್ತರದ ಪ್ರಕಾರ ಸರಿಯೇ. ಅವಳು ನೋಡುತ್ತಾ ನಿಂತಿದ್ದಳು, ನಾನು ಅಂಕ ಹಾಕಿದೆ. ಇಪ್ಪತ್ತೈದಕ್ಕೆ ಇಪ್ಪತ್ತೈದು.