ಒಂದರ ಮೇಲೊಂದು ಕೂತ ಗೆರೆಗಳು

ಬೆಲೇಂ ಊರಿನಲ್ಲಿ ಕಪ್ಪುಕುಳಿಗಳ ಲೆಕ್ಕ ಮಾಡುವ ಸಂಶೋಧಕರ ತಂಡವೊಂದಿದೆ. ಔಜೆನಿ ಅದರಲ್ಲಿ ಹಿರಿಯಳು. ವಿದ್ಯಾರ್ಥಿನಿ ಲುಸಿದೇಯಾ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ವಿದ್ಯುದಾವೇಶ ಹೊತ್ತ ಕಪ್ಪುಕುಳಿ ತನ್ನತ್ತ ಬಂದ ಅಲೆಗಳಲ್ಲಿ ಎಷ್ಟನ್ನು ನುಂಗುತ್ತದೆ, ಎಷ್ಟನ್ನು ಚದುರಿಸುತ್ತದೆ ಎಂದು ಲುಸಿದೇಯಾ ಲೆಕ್ಕ ಹಾಕುತ್ತಿದ್ದಳು. ಬೆಳಕಿನ ಅಲೆಗೆ ಒಂದು ಗೆರೆ, ಗುರುತ್ವದ ಅಲೆಗೆ ಇನ್ನೊಂದು. ಆವೇಶವನ್ನು ತುತ್ತತುದಿಗೆ ಏರಿಸಿದಾಗ, ನುಂಗುವ ಪ್ರಮಾಣದ ಎರಡು ಗೆರೆಗಳೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಒಂದರ ಮೇಲೊಂದು ಕೂತುಬಿಟ್ಟವು. ಅವಳಿಗೇ ನಂಬಿಕೆ ಬರಲಿಲ್ಲ. ಔಜೆನಿ ಬೇರೆ ದಾರಿಯಲ್ಲಿ, ಕೈಯಲ್ಲೇ ಲೆಕ್ಕ ಮಾಡಿ ನೋಡಿದಳು. ಸರಿಯಾಗಿಯೇ ಇತ್ತು.

"ಸಭೆಯಲ್ಲಿ ಧೈರ್ಯವಾಗಿ ಹೇಳು. ನಾನಿದ್ದೀನಿ" ಎಂದಳು.

ಸಭೆಯಲ್ಲಿ ಮುಖ್ಯಸ್ಥ ತೆನೋರಿಯೊ ಪರದೆ ನೋಡಿ ನಕ್ಕರು. "ಏನಮ್ಮಾ, ಒಂದೇ ಗೆರೇನ ಎರಡು ಸಲ ಎಳ್ಕೊಂಡು ಬಂದಿದ್ದೀಯಾ? ನಿದ್ದೆಗಣ್ಣಲ್ಲಿ ಮಾಡಿದ್ಯೋ ಹೇಗೆ?"

ಎಲ್ಲರೂ ನಕ್ಕರು. ಲುಸಿದೇಯಾ ಔಜೆನಿಯತ್ತ ನೋಡಿದಳು. ಔಜೆನಿಯ ನೌಕರಿ ಮುಂದುವರಿಯಬೇಕಾದರೆ ತೆನೋರಿಯೊ ಸಹಿ ಬೇಕಿತ್ತು. ಆ ವಾರವೇ ಅದರ ತೀರ್ಮಾನ. ಔಜೆನಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಳು.

ಸಂಜೆಯ ಮಳೆ ನಿಂತ ಮೇಲೆ ಗೇಟಿನ ಬಳಿಯ ತಕಾಕಾ ಸಾರಿನ ಅಂಗಡಿಯಲ್ಲಿ ಲುಸಿದೇಯಾ ಔಜೆನಿಗೆ ಸಿಕ್ಕಳು. ಅವಳ ಕೈಯ ಸೋರೆಬುರುಡೆಯಲ್ಲಿ ಬಿಸಿ ಸಾರು ಹಾಗೇ ಇತ್ತು.

"ಲುಸಿ, ನಾನು..."

"ಬಿಡಿ ಮೇಡಂ. ಅವರು ನಕ್ಕಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ. ಅವರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತಲ್ಲ."

'ಮೇಡಂ' ಎಂಬ ಮಾತು ಔಜೆನಿಯ ಎದೆಗೆ ಕಲ್ಲಿನಂತೆ ಬಡಿಯಿತು. ಅಂದು ರಾತ್ರಿ, ಹೆದರಿದ್ದು ಸಹಜ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ, ತನ್ನತ್ತ ತಿರುಗಿದ ಆ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ.

ಬೆಳಿಗ್ಗೆ ತೆನೋರಿಯೊ ಕೋಣೆಗೆ ಹೋಗಿ ತನ್ನ ಲೆಕ್ಕದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಲುಸಿದೇಯಾ ಹೇಳಿದ್ದು ಸರಿ ಸರ್. ನಿನ್ನೇನೇ ನಂಗೆ ಗೊತ್ತಿತ್ತು."

ಅವರು ಬಹಳ ಹೊತ್ತು ಓದಿದರು. ಮುಖದ ನಗು ಇಳಿಯಿತು. "ಮತ್ತೆ ನಿನ್ನೆ ಬಾಯಿಗೆ ಏನಾಗಿತ್ತು?"

"ಹೆದರಿದ್ದೆ. ನಿಮಗೆ."

ತೆನೋರಿಯೊ ಹಾಳೆಗಳನ್ನು ಮಡಿಸಿ ಇಟ್ಟುಕೊಂಡರು. ಮುಂದಿನ ಸಭೆಯಲ್ಲಿ ಎಲ್ಲರೆದುರು ತಪ್ಪು ತಮ್ಮದೆಂದರು. ಔಜೆನಿಯ ಕಾಗದಕ್ಕೂ ಸಹಿ ಬಿತ್ತು. ಲುಸಿದೇಯಾಳ ಪ್ರಬಂಧದಲ್ಲಿ ನಿನ್ನ ಹೆಸರೂ ಇರಲಿ ಎಂದು ಅವರು ಹೇಳಿದಾಗ ಅವಳು ಒಪ್ಪಲಿಲ್ಲ.

ಪ್ರಬಂಧ ಅಚ್ಚಾದ ದಿನ ಲುಸಿದೇಯಾ ಎಲ್ಲರಿಗೂ ಕುಪುವಾಸು ಹಣ್ಣಿನ ಸಿಹಿ ಹಂಚಿದಳು. ಔಜೆನಿಯ ಮೇಜಿನ ಮೇಲೂ ಒಂದನ್ನಿಟ್ಟು, "ತಗೊಳ್ಳಿ ಮೇಡಂ" ಎಂದು ಮುಗುಳ್ನಕ್ಕು ಮುಂದಕ್ಕೆ ಹೋದಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಔಜೆನಿಗೆ ಎಷ್ಟೋ ಹಗುರವಾಗುತ್ತಿತ್ತು.