ಎಲ್ಲ ಗುರುತು ಅಳಿಸಬೇಕೇ?

ಮೂತ್ರಪಿಂಡದ ಪಾಠ ಅರ್ಧ ಓದಿ ಚಹಾ ಮಾಡಲು ಎದ್ದುಹೋದ ಸಬೀನಾ, ಲೋಟ ಹಿಡಿದು ಮರಳಿ ಬಂದು ಟ್ಯಾಬ್ ನೋಡಿದರೆ ಅಲ್ಲಿ ಹೆರಿಗೆ ಶುರುವಾಗಿತ್ತು. ಪುಸ್ತಕ ತಾನಾಗಿಯೇ ಹೆರಿಗೆಯ ಅಧ್ಯಾಯಕ್ಕೆ ಹಾರಿ ಕೂತಿತ್ತು. ಅವಳಿಗೆ ಗೊತ್ತು, ಇದು ಜೊತೆಯಲ್ಲಿ ಪರೀಕ್ಷೆಗೆ ಓದುವ ನೌಶಾದನ ಕೆಲಸ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಅವನೂ ಅದೇ ಪುಸ್ತಕ ತೆರೆದಿದ್ದಾನೆ. 'ನೀವು ಇನ್ನೊಂದು ಸಾಧನದಲ್ಲಿ ಇನ್ನೂ ಮುಂದೆ ಓದಿದ್ದೀರಿ, ಅಲ್ಲಿಗೆ ಹೋಗೋಣವೇ?' ಎಂದು ಆ್ಯಪ್ ಕೆಲವು ಸಲ ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಕೇಳುತ್ತದೆ. ಕೆಲವು ಸಲ ಕೇಳದೆಯೇ ಎಳೆದುಕೊಂಡು ಹೋಗುತ್ತದೆ.

"ನಾನೆಲ್ಲಿ ಓದಿದ್ದು ಮಾರಾಯ, ಓದಿದ್ದು ಅವನು!" ಎಂದು ಸಬೀನಾ ಟ್ಯಾಬಿಗೆ ಬೈದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಜೋಸ್ಟನ್ ಆಫೀಸಿಗೆ ಹೋಗಿದ್ದ.

ತಪ್ಪು ಆ್ಯಪಿನದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಒಮಾನಿನಲ್ಲಿ ನರ್ಸ್ ಆಗಿ ದುಡಿಯಲು ಬೇಕಾದ ಲೈಸೆನ್ಸ್ ಪರೀಕ್ಷೆಗೆ ನಾಲ್ಕು ಜನ ಒಟ್ಟಿಗೆ ತಯಾರಿ ನಡೆಸಿದ್ದರು. ಅಷ್ಟು ದಪ್ಪದ ಪುಸ್ತಕ ಆ್ಯಪಿನಲ್ಲಿ ಮಾತ್ರ ಸಿಗುವುದು, ಒಬ್ಬೊಬ್ಬರಾಗಿ ಕೊಳ್ಳುವುದು ದುಬಾರಿ. ಹಾಗಾಗಿ ಕ್ಲೆಮೆಂಟಿನಾ ಆಂಟಿಯ ಹೆಸರಿನಲ್ಲಿ ಒಂದೇ ಪುಸ್ತಕ ಕೊಂಡು, ಒಂದೇ ಪಾಸ್‌ವರ್ಡನ್ನು ನಾಲ್ವರೂ ಹಂಚಿಕೊಂಡರು. ಊರಿನಲ್ಲಿ ಒಂದು ಹಲಸಿನ ಹಣ್ಣನ್ನು ನಾಲ್ಕು ಮನೆಯವರು ಪಾಲು ಮಾಡಿಕೊಳ್ಳುವುದಿಲ್ಲವೇ, ಅದೇ ಲೆಕ್ಕ. ಆದರೆ ಹಲಸಿನ ಹಣ್ಣಿನಲ್ಲಿ ಅವರವರ ಪಾಲು ಅವರವರ ಮನೆಗೆ ಹೋಗುತ್ತದೆ. ಇಲ್ಲಿ ಒಬ್ಬರು ಗೀಚಿದ್ದು ನಾಲ್ವರಿಗೂ ಕಾಣುತ್ತಿತ್ತು. ಆ್ಯಪಿನ ಕಣ್ಣಿಗೆ ನಾಲ್ವರೂ ಸೇರಿ ಒಬ್ಬಳೇ ಕ್ಲೆಮೆಂಟಿನಾ.

ಮೊದಲಿಗೆ ಬಣ್ಣ ಹಂಚಿಕೊಂಡು ನೋಡಿದರು. ಹಳದಿ ನೌಶಾದನಿಗೆ, ಹಸಿರು ಶಬ್ನಂಗೆ, ನೀಲಿ ಸಬೀನಾಗೆ, ಗುಲಾಬಿ ಆಂಟಿಗೆ. ಈ ಶಿಸ್ತು ಒಂದು ವಾರವೂ ಬಾಳಲಿಲ್ಲ. ಮಂಜೇಶ್ವರದ ನೌಶಾದನಿಗೆ ಎಲ್ಲವೂ ಮುಖ್ಯವೇ. ಅವನು ಗೆರೆ ಎಳೆಯುವುದಲ್ಲ, ಪುಟಕ್ಕೆ ಅರಸಿನ ಮೆತ್ತುವುದು. ಉಡುಪಿಯ ಶಬ್ನಂಗೆ ಬುಕ್‌ಮಾರ್ಕಿನ ಹುಚ್ಚು. 'ಆಮೇಲೆ ನೋಡ್ತೇನೆ' ಎಂದು ಅವಳು ಮೂಲೆ ಮಡಚಿಟ್ಟ ಪುಟಗಳನ್ನು ಹುಡುಕುವುದಕ್ಕೇ ಇನ್ನೊಂದು ಬುಕ್‌ಮಾರ್ಕ್ ಬೇಕಾಗಿತ್ತು.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಬೀನಾಳ ತಲೆ ಕೆಡಿಸುತ್ತಿದ್ದದ್ದು ಆಂಟಿಯ ಟಿಪ್ಪಣಿಗಳು. ಆಂಟಿ ಗೆರೆ ಎಳೆದು ಸುಮ್ಮನಾಗುವವರಲ್ಲ, ಪ್ರತಿ ಪುಟದಲ್ಲೂ ಅಂಚಿಗೆ ಏನಾದರೊಂದು ಬರೆಯಬೇಕು. ಅದೂ ಕನ್ನಡ ಲಿಪಿಯಲ್ಲಿ, ಕೊಂಕಣಿಯಲ್ಲಿ, ಬಾಯಲ್ಲಿ ಮಾತಾಡಿದ ಹಾಗೆಯೇ. 'ಹೋದ ಸಲ ಈ ಪ್ರಶ್ನೆ ಬಂದಿತ್ತು, ಎರಡನೇದು ಒತ್ತಿದೆ, ತಪ್ಪು.' 'ಇದೇ ಮಾತ್ರೆ ನನ್ನ ಅತ್ತೆಗೆ ಕೊಡ್ತಿದ್ದರು, ಕಾಲು ಊದಿತ್ತು.' 'ಓ ದೇವರೇ, ಇದೊಂದು ತಲೆಯಲ್ಲಿ ನಿಲ್ಲಲಿ.' ಅಂಚಿನಲ್ಲಿ ಒಂದು ಪುಟ್ಟ ಚೌಕ ಕಾಣುತ್ತದೆ. ಪುಟ ಸರಿಸಲು ಹೋದ ಬೆರಳು ಅದಕ್ಕೇ ತಾಗುತ್ತದೆ. ತಾಗಿದ ಕೂಡಲೇ ಟಿಪ್ಪಣಿ ಅರ್ಧ ಪುಟದಷ್ಟು ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. ಸಬೀನಾ ಪೊಟ್ಯಾಸಿಯಂ ಬಗ್ಗೆ ಓದಲು ಕೂತರೆ ಆಂಟಿಯ ಅತ್ತೆ ಕಾಲು ಚಾಚಿ ಅಡ್ಡ ಕೂತಿರುತ್ತಿದ್ದಳು.

ಹೇಳಬಹುದಿತ್ತು. ಆದರೆ ಹೇಳುವುದು ಹೇಗೆ? ಮದುವೆಯಾಗಿ ಮಸ್ಕತ್ತಿಗೆ ಬಂದಿಳಿದಾಗ ಈ ಊರಿನಲ್ಲಿ ಸಬೀನಾಗೆ ಯಾರೂ ಗೊತ್ತಿರಲಿಲ್ಲ. ಘಲಾದ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ತಾವಾಗಿ ಮಾತಾಡಿಸಿ, ಮನೆಗೆ ಕರೆದು, ಊಟ ಹಾಕಿ, ಪರೀಕ್ಷೆಯ ಅರ್ಜಿಯಿಂದ ಹಿಡಿದು ಮೀನು ಎಲ್ಲಿ ತಾಜಾ ಸಿಗುತ್ತದೆ ಎಂಬವರೆಗೆ ಹೇಳಿಕೊಟ್ಟವರು ಆಂಟಿಯೇ. ಇಷ್ಟು ವರ್ಷ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದ ಆಂಟಿಗೆ ಈಗ ಹೊಸ ಮಾಲೀಕ, ಪರೀಕ್ಷೆ ಪಾಸಾಗದಿದ್ದರೆ ವೀಸಾ ಮುಂದುವರಿಸುವುದಿಲ್ಲ ಎಂದುಬಿಟ್ಟಿದ್ದ. ಆಂಟಿ ಆಗಲೇ ಎರಡು ಸಲ ಬರೆದು ಫೇಲಾಗಿದ್ದರು. ಈ ಬಾರಿಯೂ ಫೇಲಾದರೆ ಮುಂದೆ ಅವಕಾಶವಿಲ್ಲ. ಅಂಥವರಿಗೆ 'ನಿಮ್ಮ ಟಿಪ್ಪಣಿ ನನಗೆ ಕಿರಿಕಿರಿ' ಎಂದು ಯಾವ ಬಾಯಲ್ಲಿ ಹೇಳುವುದು?

ಹೇಳದೆ ನುಂಗಿದ್ದು ಆ ದಿನ ಹೊರಗೆ ಬಂತು. ಹೆರಿಗೆಯಿಂದ ಮೂತ್ರಪಿಂಡಕ್ಕೆ ವಾಪಸ್ ಬರುವಷ್ಟರಲ್ಲಿ ಬೆರಳು ಮೂರು ಕಡೆ ಚೌಕಕ್ಕೆ ತಾಗಿ, ಮೂರು ಸಲ ಆಂಟಿ ಅಡ್ಡ ಬಂದರು. ಮೂರನೇ ಟಿಪ್ಪಣಿಯಲ್ಲಿ 'ಇಲ್ಲಿ ಜಾಗ್ರತೆ' ಎಂದಷ್ಟೇ ಇತ್ತು. ಯಾವುದಕ್ಕೆ ಜಾಗ್ರತೆ, ಯಾಕೆ ಜಾಗ್ರತೆ, ಒಂದೂ ಇಲ್ಲ. ಸಬೀನಾಗೆ ಮೈಯೆಲ್ಲ ಉರಿದುಹೋಯಿತು. ಚಹಾ ತಣ್ಣಗಾಗಿತ್ತು, ಪರೀಕ್ಷೆಗೆ ದಿನ ಹತ್ತಿರ ಬಂದಿತ್ತು, ತಲೆಯೊಳಗೆ ಒಂದಕ್ಷರ ಇಳಿದಿರಲಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಎಲ್ಲೆಲ್ಲೋ ಒತ್ತಿದಳು. 'ಎಲ್ಲ ಗುರುತು ಅಳಿಸಬೇಕೇ?' ಎಂದು ಆ್ಯಪ್ ಕೇಳಿತು. ಹೌದು. 'ಖಂಡಿತವೇ?' ಎಂದು ಇನ್ನೊಮ್ಮೆ ಕೇಳಿತು.

"ಹೌದು ಅಂದೆನಲ್ಲ!" ಎಂದು ಒತ್ತಿದಳು.

ತನ್ನ ಟ್ಯಾಬಿನಲ್ಲಿ ಮಾತ್ರ ಅಳಿಯುತ್ತದೆ ಎಂದುಕೊಂಡಿದ್ದೆ ಎಂದು ಆಮೇಲೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದೇನೂ ನಿಜವಲ್ಲ. ಆ ಗಳಿಗೆಯಲ್ಲಿ ಅವಳು ಏನನ್ನೂ ಅಂದುಕೊಂಡಿರಲಿಲ್ಲ. ಸಿಟ್ಟು ಬಂದವರು ಬಾಗಿಲು ಬಡಿಯುವಾಗ ಚಿಲಕದ ಬಗ್ಗೆ ಯೋಚಿಸುವುದಿಲ್ಲ.

ಪುಟ ಬಿಳಿಯಾಯಿತು. ಎಷ್ಟು ಬಿಳಿ! ಅರಸಿನವಿಲ್ಲ, ಚೌಕವಿಲ್ಲ, ಅತ್ತೆಯಿಲ್ಲ. ಸಂಜೆ ಜೋಸ್ಟನ್ ಬಂದು ಬೆಲ್ ಒತ್ತುವವರೆಗೆ ಅವಳು ತಲೆ ಎತ್ತದೆ ಓದಿದಳು. ಹಲವು ವಾರಗಳಲ್ಲಿ ಇಳಿಯದ್ದು ಆ ಒಂದು ಮಧ್ಯಾಹ್ನ ತಲೆಗೆ ಇಳಿಯಿತು. ನಾಚಿಕೆಪಡಬೇಕಾದ ಮಾತು, ಆದರೂ ಹೇಳಬೇಕು, ಅವಳಿಗೆ ಭಾರಿ ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ನಾಲ್ವರ ವಾಟ್ಸಾಪ್ ಗುಂಪಿನಲ್ಲಿ ಆಂಟಿಯ ಧ್ವನಿಸಂದೇಶ ಬಂತು. ಸಬೀನಾ ದೋಸೆ ಹುಯ್ಯುತ್ತಾ ಅದನ್ನು ಕೇಳಿದಳು.

"ಎಲ್ಲರೂ ನನ್ನನ್ನು ಮನ್ನಿಸಬೇಕು ಮಕ್ಕಳೇ. ನಾನೇ ಏನೋ ಒತ್ತಿಬಿಟ್ಟಿದ್ದೇನೆ. ಪುಸ್ತಕದಲ್ಲಿ ಒಬ್ಬರದ್ದೂ ಒಂದು ಗುರುತು ಇಲ್ಲ. ನಿನ್ನೆ ಬಸ್ಸಿನಲ್ಲಿ ಫೋನ್ ಕೈಯಲ್ಲಿತ್ತು, ಎಲ್ಲಿಗೋ ತಾಗಿರಬೇಕು. ನಿಮ್ಮ ಶ್ರಮ ಎಲ್ಲ ನನ್ನಿಂದ ಹಾಳಾಯ್ತು."

ದೋಸೆ ಕಾವಲಿಯಲ್ಲೇ ಕಪ್ಪಾಯಿತು. ನೌಶಾದ್ ಬರೆದ: 'ಟೆನ್ಷನ್ ಮಾಡ್ಬೇಡಿ ಅಕ್ಕಾ, ನಾನು ಎಲ್ಲದಕ್ಕೂ ಗೆರೆ ಹಾಕಿದ್ದು, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.' ಶಬ್ನಂ ಅಷ್ಟು ಸುಲಭದವಳಲ್ಲ. 'ಆಂಟಿ, ನಿಮಗೆ ಎಷ್ಟು ಸಲ ಹೇಳಿದ್ದು ಸೆಟ್ಟಿಂಗ್ಸ್ ಮುಟ್ಟಬೇಡಿ ಅಂತ? ಈಗ ನನ್ನ ಬುಕ್‌ಮಾರ್ಕ್ ಯಾರು ಕೊಡ್ತಾರೆ?' ಎಂದು ಖಾರವಾಗಿಯೇ ಬರೆದಳು. ಆಂಟಿ ಕೈಮುಗಿದ ಚಿತ್ರ ಕಳಿಸಿದರು. ಒಂದಲ್ಲ, ಸಾಲಾಗಿ.

ಸಬೀನಾ ಬರೆಯಲು ಹೊರಟು ಅಳಿಸಿದಳು. ಮತ್ತೆ ಬರೆದು ಮತ್ತೆ ಅಳಿಸಿದಳು.

"ಅವರೇ ತಾನು ಮಾಡಿದ್ದು ಅಂತಾರಲ್ಲ, ಬಿಡು. ಖಲಾಸ್," ಎಂದ ಜೋಸ್ಟನ್ ಕರಟಿದ ದೋಸೆಯನ್ನು ಬದಿಗೆ ಸರಿಸುತ್ತಾ. "ಎರಡು ದಿವಸದಲ್ಲಿ ಮರೆತುಹೋಗ್ತದೆ."

ಸಂಜೆಯವರೆಗೆ ಅವಳೂ ಬಿಡಲು ನೋಡಿದಳು. ಆಗ ಆಂಟಿಯ ಗಂಡ ಪಿಯುಸ್ ಅಂಕಲ್ ಫೋನ್ ಮಾಡಿದರು.

"ಸಬೀನಾ, ನೀನೊಮ್ಮೆ ಬಂದು ಹೇಳು ಮಗಾ. ಇವಳು ಪರೀಕ್ಷೆಗೇ ಹೋಗುವುದಿಲ್ಲ ಅಂತ ಕೂತಿದ್ದಾಳೆ. ನನ್ನ ಮಾತು ಕೇಳುವುದಿಲ್ಲ. ನಿನ್ನದಾದ್ರೆ ಕೇಳ್ತಾಳೆ."

ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹತ್ತಿರ ಆಂಟಿಯ ಫ್ಲ್ಯಾಟು. ಸಬೀನಾ ಹೋದಾಗ ಆಂಟಿ ಊಟದ ಮೇಜಿನ ಮುಂದೆ ಕೂತು ತೊಂಡೆಕಾಯಿ ಸೀಳುತ್ತಿದ್ದರು. ಓದುವ ಫೋನು ಫ್ರಿಜ್ಜಿನ ಮೇಲಿತ್ತು. ಅಂಕಲ್ ಬಾಗಿಲು ತೆರೆದವರೇ, ಮೊಸರು ತರುತ್ತೇನೆಂದು ಕೆಳಗಿಳಿದು ಹೋದರು.

"ಬಂದ್ಯಾ ಬಂಗಾರ? ಕೂತ್ಕೋ. ನಿನ್ನದೂ ಎಲ್ಲ ಹೋಯ್ತಲ್ಲ ನನ್ನಿಂದ."

"ಆಂಟಿ, ಪರೀಕ್ಷೆಗೆ ಹೋಗುವುದಿಲ್ಲ ಅಂದ್ರಂತೆ?"

"ಹೋಗಿ ಏನು ಮಾಡ್ಲಿ?" ಆಂಟಿ ಕತ್ತಿ ಕೆಳಗಿಟ್ಟರು. "ಟಿಪ್ಪಣಿ ಹೋದದ್ದಕ್ಕೆ ಅಲ್ಲ ಮಾರಾಯ್ತಿ. ಅದು ಪುನಃ ಬರೀಬಹುದು. ಆದರೆ ಯೋಚನೆ ಮಾಡು, ಪರೀಕ್ಷೆ ಇರುವುದು ಕಂಪ್ಯೂಟರಿನಲ್ಲಿ. ಹೋದ ಸಲವೂ ನನಗೆ ಉತ್ತರ ಗೊತ್ತಿತ್ತು. ಎಲ್ಲಿಗೋ ಒತ್ತಿ, ಪ್ರಶ್ನೆಯೇ ಮುಂದೆ ಹೋಗಿಬಿಟ್ಟಿತ್ತು. ಈ ಸಲ ಹಾಗೆ ಆಗುವುದಿಲ್ಲ, ಕೈ ಪಳಗಿದೆ ಅಂತ ಎಣಿಸಿದ್ದೆ. ಈಗ ನೋಡು. ಏನು ಒತ್ತಿದ್ದು ಅಂತಲೂ ಗೊತ್ತಿಲ್ಲದೆ ನಾಲ್ಕು ಜನರದ್ದು ಅಳಿಸಿ ಹಾಕಿದ್ದೇನೆ. ಇಂಥ ಕೈ ತಗೊಂಡು ಅಲ್ಲಿ ಹೋಗಿ ಕೂತ್ಕೊಳ್ಳುವುದಾ? ಮಾಲೀಕ ಊರಿಗೆ ಕಳಿಸುವುದಾದ್ರೆ ಕಳಿಸ್ಲಿ."

ಸಬೀನಾಗೆ ಆಗ ಅರ್ಥವಾಯಿತು. ಅವಳು ಅಳಿಸಿದ್ದು ಬರೀ ಟಿಪ್ಪಣಿಯನ್ನಲ್ಲ.

"ಆಂಟಿ, ನೀವು ಒತ್ತಲಿಲ್ಲ. ನಾನು ಅಳಿಸಿದ್ದು."

ಆಂಟಿ ಅವಳ ಮುಖ ನೋಡಿದರು. ಆಮೇಲೆ ಒದ್ದೆ ಕೈಯಲ್ಲೇ ಅವಳ ಕೆನ್ನೆ ಮುಟ್ಟಿದರು.

"ಎಷ್ಟು ಒಳ್ಳೆಯ ಮನಸ್ಸು ನಿನ್ನದು! ನನ್ನನ್ನು ಪರೀಕ್ಷೆಗೆ ಕಳಿಸ್ಲಿಕ್ಕೆ ನೀನು ತಪ್ಪು ಹೊತ್ಕೊಳ್ತೀಯಲ್ಲ."

"ಅಯ್ಯೋ, ಇಲ್ಲ ಆಂಟಿ. ನಿಜವಾಗಿಯೂ ನಾನೇ."

"ಪಿಯುಸ್ ಹೇಳಿ ಕಳಿಸಿದ್ದಲ್ವಾ ನಿನ್ನನ್ನು? ನನಗೆ ಗೊತ್ತಿಲ್ವಾ?"

ಸಬೀನಾ ಚೀಲದಿಂದ ಟ್ಯಾಬ್ ತೆಗೆದು, ಕೊನೆಯ ಬದಲಾವಣೆ ಯಾವ ಸಾಧನದಿಂದ ಆಯಿತೆಂದು ತೋರಿಸುವ ಜಾಗ ಹುಡುಕಿ ಮುಂದೆ ಹಿಡಿದಳು. ಗಂಡನ ಹೆಸರಿನಲ್ಲಿದ್ದ ಟ್ಯಾಬ್ ಅದು, ಅಲ್ಲಿ 'ಜೋಸ್ಟನ್ ಟ್ಯಾಬ್' ಎಂದು ಸ್ಪಷ್ಟವಾಗಿಯೇ ಇತ್ತು. ಆಂಟಿ ಕನ್ನಡಕ ಹಾಕಿ ನೋಡಿ, ಕನ್ನಡಕ ತೆಗೆದರು.

"ಇದು ಏನೇನೋ ತೋರಿಸ್ತದೆ. ಮೊನ್ನೆ ಇಲ್ಲಿ ಕೂತಿದ್ದಾಗ ನಾನು ಅಷ್ಟು ದೂರದ ಸೂರ್ ಪೇಟೆಯಲ್ಲಿದ್ದೇನೆ ಅಂತ ತೋರಿಸ್ತಿತ್ತು. ನೀನು ಇದೆಲ್ಲ ತಲೆಗೆ ಹಚ್ಕೊಳ್ಬೇಡ, ಚಹಾ ಕುಡಿ."

ಚಹಾವಂತೆ ಚಹಾ! ಸಬೀನಾಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ತಪ್ಪು ಮಾಡಿ ಒಪ್ಪಿಕೊಳ್ಳಲು ಬಂದವಳಿಗೆ ಶಹಬ್ಬಾಸ್‌ಗಿರಿ ಸಿಗುತ್ತಿತ್ತು. ಹೇಳಿದಷ್ಟೂ ಅವಳು ಒಳ್ಳೆಯವಳಾಗುತ್ತಿದ್ದಳು, ಆಂಟಿ ಅಷ್ಟೂ ಕೈಲಾಗದವರಾಗುತ್ತಿದ್ದರು. ಆಂಟಿ ಆಗಲೇ ಎದ್ದು ಒಲೆಯ ಮೇಲೆ ನೀರಿಡುತ್ತಾ, ಇಂಥ ಮಗಳು ತಮಗಿರಬೇಕಿತ್ತು ಎಂದು ಹೇಳುತ್ತಿದ್ದರು. ಆ ಮಾತನ್ನು ಹಾಗೆಯೇ ಇಟ್ಟುಕೊಂಡು ಮನೆಗೆ ಹೋಗುವ ಆಸೆ ಅವಳಿಗಾಯಿತು. ಪರೀಕ್ಷೆ ಹಾಳಾಗಲಿ, ಈ ಬಂಗಾರವೆಂಬ ಕರೆಯಾದರೂ ಉಳಿಯುತ್ತದಲ್ಲ.

"ಆಂಟಿ, ಒಲೆ ಆರಿಸಿ. ಇಲ್ಲಿ ನೋಡಿ," ಎಂದಳು. ಸ್ವರ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ನಿಮ್ಮ ಟಿಪ್ಪಣಿ ಕಂಡ್ರೆ ನನಗೆ ಆಗ್ತಿರಲಿಲ್ಲ. ಪುಟ ತಿರುಗಿಸಿದಲ್ಲೆಲ್ಲ ನಿಮ್ಮದೇ ಬಾಯಿ. ನಿಮ್ಮ ಅತ್ತೆಯ ಕಾಲು ಊದಿದರೆ ನಾನೇನು ಮಾಡ್ಲಿ? ಎರಡು ಸಲ ಫೇಲಾದವರ ಬರಹ ಓದಿ ನಾನೂ ಫೇಲಾಗ್ಬೇಕಾ ಅಂತ ಸಿಟ್ಟು ಬರ್ತಿತ್ತು. ನಿನ್ನೆ ಮಧ್ಯಾಹ್ನ ಎಲ್ಲ ಅಳಿಸಿದೆ. ಖಂಡಿತವಾ ಅಂತ ಕೇಳಿತು, ಹೌದು ಅಂತ ಒತ್ತಿದೆ. ಅಳಿಸಿದ ಮೇಲೆ ನನಗೆ ಖುಷಿಯಾಗಿತ್ತು, ಗೊತ್ತುಂಟಾ? ಸಂಜೆಯವರೆಗೆ ಆರಾಮಾಗಿ ಓದಿದೆ. ಇವತ್ತು ಬೆಳಿಗ್ಗೆ ನೀವು ಮನ್ನಿಸಿ ಅಂದಾಗ ಸುಮ್ಮನೆ ಕೂತೆ. ಶಬ್ನಂ ಬೈದಾಗಲೂ ಸುಮ್ಮನೆ ಕೂತೆ."

ಒಲೆಯ ಮೇಲಿನ ನೀರು ಸದ್ದು ಮಾಡತೊಡಗಿತ್ತು. ಆಂಟಿ ತಿರುಗಿ ನಿಂತಿದ್ದರು. ಅವರ ಮುಖದಿಂದ ಆ ನಗು ಇಳಿಯುತ್ತಾ ಹೋದದ್ದನ್ನು ಸಬೀನಾ ಪೂರ್ತಿ ನೋಡಿದಳು. ಕಣ್ಣು ತಪ್ಪಿಸಬೇಕೆನಿಸಿತು, ತಪ್ಪಿಸಲಿಲ್ಲ. ಇಂಥ ಮಾತು ಒಳ್ಳೆಯತನಕ್ಕೆ ಯಾರೂ ಹುಟ್ಟಿಸಿ ಹೇಳುವುದಿಲ್ಲ. ಆಂಟಿಗೂ ಅದು ತಿಳಿಯಿತು.

"ಎರಡು ಸಲ ಫೇಲಾದವರ ಬರಹ," ಎಂದರು ಆಂಟಿ ಮೆಲ್ಲಗೆ.

ಸಬೀನಾ ಮನ್ನಿಸಿ ಎನ್ನಲು ಹೊರಟಳು, ಆಂಟಿ ಕೈ ಎತ್ತಿ ತಡೆದರು. ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡರು. ಹೋಗಿ ಫ್ರಿಜ್ಜಿನ ಮೇಲಿಂದ ಫೋನ್ ತೆಗೆದು ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಂದ್ರೆ ನಾನು ಏನೂ ತಪ್ಪು ಒತ್ತಲಿಲ್ಲ?"

"ಇಲ್ಲ ಆಂಟಿ."

"ಬಸ್ಸಿನಲ್ಲಿಯೂ ಇಲ್ಲ?"

"ಇಲ್ಲ."

ಆಂಟಿ ತೊಂಡೆಕಾಯಿಯ ತಟ್ಟೆಯನ್ನು ಬದಿಗೆ ಸರಿಸಿ, ಕುರ್ಚಿ ಎಳೆದು ಕೂತು, ಕನ್ನಡಕ ಹಾಕಿಕೊಂಡರು. ಬೆರಳು ಸರಿಯಾದ ಕಡೆಯೇ ಒತ್ತಿತು. ಪುಸ್ತಕ ತೆರೆಯಿತು.

"ಹಾಗಾದ್ರೆ ನೀನು ಹೋಗು," ಎಂದರು ತಲೆ ಎತ್ತದೆ. "ನನಗೆ ಓದ್ಲಿಕ್ಕುಂಟು."